ಬೆರಳೆಣಿಕೆ

ಅನ್ನ ಬೆಂದಿದೆಯೇ ಎಂದು ಅವ್ವ
ಒಂದಗುಳನ್ನು ಎರಡು ಬೆರಳಲ್ಲಿ ಹಿಸುಕಿ ಹೇಳುತ್ತಿದ್ದಳು.
ಇಡೀ ತಪ್ಪಲೆಯ ಮಾತನ್ನು ಅದೊಂದೇ ಅಗುಳು ಆಡುತ್ತಿತ್ತು.
ಅದಕ್ಕೆ ಮುಂಚೆ ಸೌಟು ತಳಮುಟ್ಟ ತಿರುಗಿರುತ್ತಿತ್ತು ಎಂಬುದು
ಸಾಂಖ್ಯಿಕ ಕಚೇರಿಗೆ ಸೇರಿದ ಮೇಲೆ ನನಗೆ ಹೊಳೆದದ್ದು.

ಮಂಡ್ಯವನ್ನು ಯಾರೂ ತಿರುವಿಲ್ಲ.
ನಾಲೆಯ ತಲೆಯಲ್ಲಿ ಮುದ್ದೆಯಾಗುವಷ್ಟು ಬೆಂದಿದೆ,
ಕೊನೆಯಲ್ಲಿ ಇನ್ನೂ ಹಸಿ ಅಕ್ಕಿ.
ಯಾವ ಅಗುಳು ಹಿಸುಕಲಿ?

"ಚೀಟಿ ಎತ್ತು," ಅಂದರು ಆರಾಧ್ಯರು,
"ಚೀಟಿಗೆ ಮುಖದಾಕ್ಷಿಣ್ಯ ಇಲ್ಲ."
ಅಂಕಿಗಳ ಕೋಷ್ಟಕ ಹೇಳಿದ ಸರ್ವೆ ನಂಬರು,
ಬದುವಿನ ಮೂಲೆಯಿಂದ ಮೂವತ್ತೇಳು ಹೆಜ್ಜೆ ಉದ್ದಕ್ಕೆ,
ಹನ್ನೆರಡು ಅಡ್ಡಕ್ಕೆ. ಗೂಟ ಬಿದ್ದದ್ದು
ಕೆಂಪಾಜಮ್ಮನ ಗದ್ದೆಯಲ್ಲಿ ಪೈರು ತೆಳ್ಳಗಿದ್ದ ಕಡೆಗೇ.
"ಅತ್ಲಾಗ್ ಎರಡ್ ಹೆಜ್ಜೆ ಹೋಗಪ್ಪ, ತೆನೆ ಹೆಂಗ್ ಬಗ್ಗವೆ ನೋಡು!"
ನೋಡಿದೆ. ಬಗ್ಗಿದ್ದವು. ಹೋಗಲಿಲ್ಲ.
ಆಕೆ ಆ ವರ್ಷ ನನಗೆ ಮಜ್ಜಿಗೆ ಕೊಡಲಿಲ್ಲ.

ಪೇಟೆಯ ಹೊಸ ಬಡಾವಣೆಯಲ್ಲಿ ಚೀಟಿ ಬೇಡ,
ಏಳಕ್ಕೊಂದು ಮನೆ ಎಂದಾಯಿತು.
ಕಾಲಿಗೆ ಲಯ ಸಿಕ್ಕಿತು: ಆರು ಬಿಟ್ಟು ಒಂದು, ಆರು ಬಿಟ್ಟು ಒಂದು.
ಸಂಜೆ ನೋಡಿದರೆ ಎಲ್ಲರಿಗೂ ಮಹಡಿ, ಎಲ್ಲರಿಗೂ ಬಾಡಿಗೆ ಅಂಗಡಿ.
ಸಾಲಿಗೆ ಏಳೇ ಮನೆ ಕಟ್ಟಿದ್ದರು ಪುಣ್ಯಾತ್ಮರು;
ನಾನು ಹೊಕ್ಕದ್ದೆಲ್ಲ ಮೂಲೆಮನೆ.

ನಾಲೆಗೆ ಮಾತ್ರ ಪದರ ಬಿಡಿಸಿದೆವು:
ತಲೆಯವರಿಷ್ಟು, ನಡುವಿನವರಿಷ್ಟು, ಕೊನೆಯವರಿಷ್ಟು,
ಯಾರ ಪಾಲೂ ತಪ್ಪದ ಹಾಗೆ, ಒಳಗೊಳಗೆ ಮತ್ತೆ ಚೀಟಿ.
ಜೀಪಿಗೆ ಡೀಸೆಲ್ ಇಲ್ಲದ ತಿಂಗಳು
ಒಂದೇ ಕೇರಿ ಎತ್ತಿ ಅದರ ಪ್ರತಿ ಬಾಗಿಲು ತಟ್ಟಿದೆವು.
ಅಗ್ಗವಾಯಿತು. ಆದರೆ ಎಲ್ಲರ ಮನೆಯಲ್ಲೂ ಅದೇ ಹುರುಳಿ ಸಾರು,
ಅದೇ ಬಾವಿ, ಅದೇ ಜಗಳ;
ಅರವತ್ತು ಮನೆ ಕೇಳಿ ಆರು ಮನೆಯಷ್ಟು ತಿಳಿದೆವು.

ಹೊಸ ಹುಡುಗ ಲೋಹಿತ ಹನ್ನೊಂದು ಗಂಟೆಗೇ
ನಲವತ್ತು ನಮೂನೆ ತುಂಬಿ ತಂದ, ಬಸ್ ನಿಲ್ದಾಣದ ಟೀ ಅಂಗಡಿಯಿಂದ.
ಸಿಕ್ಕವರು ಸಿಕ್ಕಿದ್ದರು.
ಸಿಗದವರು ಆ ಹೊತ್ತಿಗೆ ಮೊಣಕಾಲುದ್ದ ಕೆಸರಲ್ಲಿದ್ದರು.
ಆರಾಧ್ಯರು ಬೈಯಲಿಲ್ಲ; ನಮೂನೆಗಳ ಬೆನ್ನ ಮೇಲೆ
ಮಗಳ ಮದುವೆಯ ಲೆಕ್ಕ ಬರೆದುಕೊಂಡರು.

ಆಮೇಲೆ ಮೇಲಿನಿಂದ ಬಂತು ಆ ಪತ್ರ:
ಆಲೆಮನೆಗಳಲ್ಲಿ ಗಾಣಕ್ಕೆ ಕೈ ಸಿಕ್ಕವರು ಎಷ್ಟು?

ಪಟ್ಟಿಯೇ ಇಲ್ಲ. ಯಾತಕ್ಕೆ ಚೀಟಿ, ಯಾವುದರಲ್ಲಿ ಏಳನೆಯದು?
ಮಾಲೀಕರು ಬೆಲ್ಲದಚ್ಚು ಕೈಗಿಟ್ಟು "ನಮ್ಮಲ್ಲಿ ಯಾರೂ ಇಲ್ಲ" ಅಂದರು.
ಪಾಂಡವಪುರದ ದಾರಿಯಲ್ಲಿ ಬೋಳಯ್ಯ ಸೈಕಲ್ಲಿನ ಬ್ರೇಕು ಹಿಡಿದ
ರೀತಿ ಕಂಡು ನಿಲ್ಲಿಸಿದೆ.
ಅವನು ಇನ್ನೊಬ್ಬನ ಹೆಸರು ಹೇಳಿದ.
ಆ ಇನ್ನೊಬ್ಬ, ಮುಜಫ್ಫರನಗರದಿಂದ ಬಂದು ಉಳಿದ ಹುಡುಗನದು.
ಹುಡುಗ ಭಾಷೆ ಬಾರದೆ ಕೈಯಿಂದಲೇ ತೋರಿಸಿದ,
ಅಲ್ಲೊಂದು ಗುಡಿಸಲು, ಅಗೋ ಅಲ್ಲೊಂದು.
ಪುಸ್ತಕದಲ್ಲಿ ಇದಕ್ಕೆ ಹಿಮದುಂಡೆ ಅನ್ನುತ್ತಾರೆ.
ಮಂಡ್ಯದಲ್ಲಿ ಎಲ್ಲಿಯ ಹಿಮ?
ಪಾಕ ಎಳೆ ಬಂದಂತೆ, ಎಂದು ಬರೆದುಕೊಂಡೆ.

ಎಳೆ ಕಡಿದದ್ದು ಚಿಕ್ಕತಾಯಮ್ಮನ ಹಟ್ಟಿಯಲ್ಲಿ.
"ನನ್ ಸೇರಿ ಎಷ್ಟ್ ಜನ ಆದ್ರು?"
ನಾನು ಹೆಸರು ಓದಿದಂತೆ ಹೆಬ್ಬೆರಳಿಂದ
ಗೆಣ್ಣು ಗೆಣ್ಣು ಮುಟ್ಟಿ ಎಣಿಸಿದಳು.
ಆರಕ್ಕೇ ಗೆಣ್ಣು ಮುಗಿದವು. ಎಡಗೈಗೆ ದಾಟಿದಳು.
ಹನ್ನೊಂದು.
"ಅಂಗಾರೆ ಜಿಲ್ಲೆಗೆಲ್ಲ ಎಷ್ಟ್ ಆಯ್ತದೆ?"

ಈ ದಾರಿಯಲ್ಲಿ ಬಂದವನಿಗೆ ಅದು ಗೊತ್ತಾಗುವುದಿಲ್ಲ, ತಾಯಿ.
ಕಂಡವರನ್ನು ಹೇಳಬಹುದು,
ಕಾಣದವರನ್ನು ಗುಣಿಸಲಾಗದು.
"ಓದ್ದೋರ್ಗೆ ಅಷ್ಟೂ ಬರಲ್ವಾ?" ನಕ್ಕು
ಕಾಫಿಗೆ ಬೆಲ್ಲ ಕುಟ್ಟಿದಳು.

ವರದಿಯ ಕರಡು ಟೈಪಾಗಿ ಬಂದಿದೆ:
"ಬೆರಳೆಣಿಕೆಯಷ್ಟು ಮಂದಿ."
ಆ ಪದದ ಮೇಲೆ ಗೀಟೆಳೆದು
ಬೇರೆ ಪದ ಹುಡುಕುತ್ತ ಕೂತಿದ್ದೇನೆ,
ಐದೂ ಬೆರಳಲ್ಲಿ ಪೆನ್ನು ಹಿಡಿದು.